ಎಡಪುಟದಲ್ಲಿ ದೂರು, ಬಲಪುಟದಲ್ಲಿ ಸ್ತೋತ್ರ

ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ರಾತ್ರಿಯಲ್ಲಿ ಹೋದವು. ಆಮೇಲೆ ಮೂರು ವರ್ಷ ಹಾಸಿಗೆಯಲ್ಲೇ ಇದ್ದರು. ನೋಡಿಕೊಂಡವನು ನಾನು.

ಮೊದಲ ಕೆಲವು ತಿಂಗಳು ನಾನು ಹೇಳಿದ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆಯ ಮಾತು, ಬರೀ ತೋರಿಕೆಯದು. ನಮ್ಮ ಚರ್ಚಿನ ಸಭೆಯಿಂದ ನೋಡಲು ಬಂದವರು "ಎಲ್ಲಾ ದೇವರ ಚಿತ್ತ, ಸ್ತೋತ್ರ ಹೇಳಿ" ಎನ್ನುತ್ತಿದ್ದರು, ನಾನೂ ಹೇಳುತ್ತಿದ್ದೆ, ಅವರು ಹೋದ ಮೇಲೆ ಬಾಗಿಲು ಹಾಕಿ ಸುಮ್ನೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಒಬ್ಬರು, ಒಂದೇ ದಿನ ಆಸ್ತಿ, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ಯೋಬನ ಮಾತು ನೆನಪಿಸಿದರು: ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು. ಅವತ್ತು ರಾತ್ರಿ ಸತ್ಯವೇದ (ಬೈಬಲ್) ತೆಗೆದು ಯೋಬನ ಪುಸ್ತಕ ಮೊದಲಿನಿಂದ ಓದಿದೆ. ಆ ಮಾತು 1ನೇ ಅಧ್ಯಾಯದ 21ನೇ ವಚನ. 20ನೇ ವಚನವನ್ನು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಯೋಬ ಬಟ್ಟೆ ಹರಿದುಕೊಂಡು, ತಲೆ ಬೋಳಿಸಿಕೊಂಡು, ನೆಲಕ್ಕೆ ಬೀಳುತ್ತಾನೆ. 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. 42 ಅಧ್ಯಾಯಗಳಲ್ಲಿ ಹೆಚ್ಚಿನವು ವಾದ, ಅಳಲು, ಯಾಕೆ ಎಂಬ ಪ್ರಶ್ನೆ. ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗ ಯೋಬನನ್ನೂ ಸುಮ್ಮನೆ ಬಿಡಲಿಲ್ಲ, ನಿಜ. ಆದರೆ ಕೋಪಗೊಂಡದ್ದು ಬುದ್ಧಿ ಹೇಳಲು ಬಂದ ಸ್ನೇಹಿತರ ಮೇಲೆ. ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಅವರಿಗೆ ಹೇಳಿದರು.

ಅಲ್ಲಿಯ ತನಕ ದೇವರೇ ಎಲ್ಲವನ್ನೂ ಆಳುತ್ತಾರೆ ಎಂದರೆ ಬಾಯಿ ಮುಚ್ಚಿಕೊಂಡಿರು ಎಂದೇ ನಾನು ಅರ್ಥ ಮಾಡಿಕೊಂಡಿದ್ದೆ. ಆದರೆ ದೂರು ಕೊಡುವುದು ಆಳುವವನ ಹತ್ತಿರ ತಾನೇ? ಎಲ್ಲವೂ ಅವನ ಕೈಯಲ್ಲಿದೆ ಎಂದು ನಂಬಿದವನಿಗೆ ಹೋಗಲು ಬೇರೆ ಬಾಗಿಲೇ ಇಲ್ಲ, ಅಲ್ವಾ?

ಒಂದು ನೋಟ್‌ಬುಕ್ ತಂದೆ. ಎಡಪುಟ ದೂರಿಗೆ, ಬಲಪುಟ ಸ್ತೋತ್ರಕ್ಕೆ. ಎಡಪುಟವನ್ನೇ ಮೊದಲು ಬರೆಯಬೇಕು ಎಂದು ನಿಯಮ ಮಾಡಿಕೊಂಡೆ. "ಅಮ್ಮನ ಮಾತು ಯಾಕೆ ಕಿತ್ತುಕೊಂಡೆ, ಕರ್ತನೇ?" ಇದು ಮೊದಲ ಸಾಲು. ಬರೆಯುವ ಮುಂಚೆ ಸತ್ಯವೇದದ 13ನೇ ಕೀರ್ತನೆ ಓದುತ್ತಿದ್ದೆ. ಆರೇ ವಚನ. ಶುರುವಿನಲ್ಲೇ ನಾಲ್ಕು ಸಲ "ಎಲ್ಲಿಯ ತನಕ" ಎಂಬ ಕೂಗು, ಕೊನೆಯಲ್ಲಿ ಹಾಡು. ಹಾಡು ಬರದ ದಿನ 88ನೇ ಕೀರ್ತನೆ, ಅದು ಕತ್ತಲಲ್ಲೇ ಮುಗಿಯುತ್ತದೆ, ಸತ್ಯವೇದದಲ್ಲಿ ಅದಕ್ಕೂ ಜಾಗ ಇದೆ ಎಂಬುದೇ ನನಗೆ ಎಷ್ಟೋ ರಾತ್ರಿ ಸಾಕಾಯಿತು.

ಬಲಪುಟಕ್ಕೆ ದೊಡ್ಡ ಮಾತು ಬೇಡ ಎಂದುಕೊಂಡೆ. ಎರಡೆರಡು ಗಂಟೆಗೊಮ್ಮೆ ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆ. "ಇವತ್ತು ಬೆನ್ನಿನ ಹುಣ್ಣು ಒಣಗಿದೆ." "ಎಡಗೈಯಿಂದ ನನ್ನ ಬೆರಳು ಹಿಡಿದರು." ಇಂಥವೇ. ಕಾಯಿಲೆಗಾಗಿ ಸ್ತೋತ್ರ ಅಂತ ಒಂದು ಸಲವೂ ಬರೆಯಲಿಲ್ಲ, ಬರೆದಿದ್ದರೆ ಸುಳ್ಳಾಗುತ್ತಿತ್ತು. ಯೇಸುವಿನ ಅಪೊಸ್ತಲ ಪೌಲ ಥೆಸಲೋನಿಕದವರಿಗೆ ಪತ್ರದಲ್ಲಿ ಹೇಳಿದ್ದು ಎಲ್ಲಾ ಪರಿಸ್ಥಿತಿಯಲ್ಲೂ ಕೃತಜ್ಞತೆ ಸಲ್ಲಿಸಿ ಎಂದು. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲದಕ್ಕಾಗಿಯೂ ಎಂದಿದೆ, ಆ ವಚನದ ಜೊತೆ ಇನ್ನೂ ಗುದ್ದಾಡುತ್ತಿದ್ದೇನೆ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ ಎಂಬ ಪ್ರೊಟೆಸ್ಟೆಂಟ್ ಬೋಧನಾ ಪುಸ್ತಕದಲ್ಲಿ 28ನೇ ಪ್ರಶ್ನೆ ದೇವರ ಪಾಲನೆಯ ಬಗ್ಗೆ. ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ ಎಂದು ಅದರ ಉತ್ತರ ಶುರುವಾಗುತ್ತದೆ. ಕಷ್ಟದ ಎದುರು ತಾಳ್ಮೆ ಎಂಬ ಪದವನ್ನು ಇಟ್ಟದ್ದು ನೋಡಿ ನನಗೆ ಉಸಿರು ಬಂತು.

ಎರಡನೇ ವರ್ಷದಲ್ಲಿ ಒಂದು ಸಂಜೆ, ಅಮ್ಮನ ಪಕ್ಕ ಕೂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಯೇಸು ಕಲಿಸಿದ ಪ್ರಾರ್ಥನೆ ಶುರು ಮಾಡಿದೆ. ಅಮ್ಮ ಜೊತೆಗೂಡಿದರು. ನೀರು ಬೇಕು ಎಂದು ಕೇಳಲೂ ಬಾರದವರು, ನನ್ನ ಹೆಸರು ಹೇಳಲು ಹೋಗಿ ಅತ್ತವರು, "ನಿನ್ನ ಚಿತ್ತವು ನೆರವೇರಲಿ" ಎಂಬುದನ್ನು ಪೂರ್ತಿಯಾಗಿ, ಸ್ಪಷ್ಟವಾಗಿ ಹೇಳಿದರು. ಮಾತು ಹೋದವರಿಗೂ ಬಾಯಿಪಾಠ ಇರುವ ಪ್ರಾರ್ಥನೆ, ಹಾಡು ಕೆಲವೊಮ್ಮೆ ಉಳಿದಿರುತ್ತವೆ ಎಂದು ವೈದ್ಯರು ಆಮೇಲೆ ವಿವರಿಸಿದರು. ಆ ಕಾರಣ ತಿಳಿದ ಮೇಲೂ ನನ್ನ ಸ್ತೋತ್ರ ಕಡಿಮೆ ಆಗಲಿಲ್ಲ. ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಬೇಸತ್ತಿದ್ದ ಆ ದೇವರ ಚಿತ್ತ ಎಂಬ ಮಾತು ಅಮ್ಮನ ಬಾಯಿಂದ ಬಂದಾಗ ನಾನು ತಡೆಯದೆ ಅತ್ತುಬಿಟ್ಟೆ.

ಅವತ್ತು ಎರಡೂ ಪುಟ ತುಂಬಿದೆ. ಎಡಕ್ಕೆ, "ನನ್ನ ಹೆಸರು ಇವತ್ತೂ ಬರಲಿಲ್ಲ." ಬಲಕ್ಕೆ, "ನಿನ್ನ ಹೆಸರು ಹೇಳಿದರು."

ಅಮ್ಮ ತೀರಿಕೊಂಡ ದಿನದ ಎಡಪುಟದಲ್ಲಿ "ಎಲ್ಲಿಯ ತನಕ" ಎಂದಷ್ಟೇ ಇದೆ. ಬಲಪುಟ ಖಾಲಿ. ಅದನ್ನು ಹಾಗೇ ಬಿಟ್ಟು, ಮಾರನೆಯ ದಿನಕ್ಕೆ ಹಾಳೆ ತಿರುಗಿಸಿದೆ.