ಹವಾಮಾನದ ಅಪಾಯ ಸಿಕ್ಕಿದ್ದು ದೂರು ಪುಸ್ತಕದಲ್ಲಿ: ನನ್ನ ಅನುಭವ

ಈ ಸಲದ ದೊಡ್ಡ ಮಳೆಗೆ ನಮ್ಮ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಒಂದು ಕಡತ ಒದ್ದೆಯಾಗಲಿಲ್ಲ, ಫ್ರೀಜರಿನ ಒಂದು ಸ್ಯಾಂಪಲ್ ಹಾಳಾಗಲಿಲ್ಲ. ಎರಡು ವರ್ಷ ಮೊದಲೇ ಎಲ್ಲವನ್ನೂ ಮೇಲಕ್ಕೆ ಸಾಗಿಸಿದ್ದೆವು. ‘ಇದೆಲ್ಲ ಆಗೋ ಮಾತಲ್ಲ’ ಅಂದಿದ್ದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹವಾಮಾನ ಬದಲಾವಣೆಯಿಂದ ನಮ್ಮ ವಿಶ್ವವಿದ್ಯಾಲಯಕ್ಕೆ ಏನು ಅಪಾಯ ಅಂತ ಹುಡುಕುವ ಈ ಕೆಲಸದಲ್ಲಿ ಮೊದಲ ಎರಡು ವರ್ಷ ಪೂರ್ತಿ ವ್ಯರ್ಥ. ಹೊರಗಿನ ಸಲಹೆಗಾರರಿಂದ ನೂರು ಪುಟಕ್ಕೂ ಜಾಸ್ತಿ ಇರುವ ವರದಿ ಮಾಡಿಸಿದೆ. 2050ಕ್ಕೆ ಎಷ್ಟು ಡಿಗ್ರಿ, 2100ಕ್ಕೆ ಎಷ್ಟು ಡಿಗ್ರಿ ಅಂತ ಚಂದದ ನಕ್ಷೆಗಳು. ನನ್ನ ವಿಭಾಗದ ಆ ವರ್ಷದ ಹಣದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಆಡಳಿತ ಮಂಡಳಿ ಹತ್ತು ನಿಮಿಷ ನೋಡಿ ಪಕ್ಕಕ್ಕಿಟ್ಟಿತು. ಈ ವರ್ಷ ಯಾವ ಕಟ್ಟಡಕ್ಕೆ ಏನು ಮಾಡಬೇಕು ಅನ್ನೋದೇ ಅದರಲ್ಲಿ ಇರಲಿಲ್ಲ, ಅವರಾದರೂ ಏನು ಮಾಡಬೇಕಿತ್ತು?

ಆಮೇಲೆ ನಿರ್ವಹಣೆ ವಿಭಾಗದ ದೂರು ಪುಸ್ತಕಗಳನ್ನು ಹಿಡಿದು ಕೂತೆ. ಎಲ್ಲಿ ಸೋರಿತು, ಎಲ್ಲಿ ಕರೆಂಟ್ ಹೋಯಿತು, ಯಾವ ಸರ್ವರ್ ಕೋಣೆ ಬಿಸಿಯಾಗಿ ನಿಂತುಹೋಯಿತು, ಹೀಗೆ ಆರೇಳು ವರ್ಷದ್ದು, ಸುಮಾರು ನಾಲ್ಕು ಸಾವಿರ ದೂರು. ಅವನ್ನು ಆಯಾ ದಿನದ ಮಳೆ, ಬಿಸಿಲಿನ ಅಂಕಿಗಳ ಪಕ್ಕ ಕೂರಿಸಿ ನೋಡಿದೆ. ಹೆಚ್ಚುಕಡಿಮೆ ಅರ್ಧ ನಷ್ಟ ವರ್ಷದ ಹದಿನೈದಿಪ್ಪತ್ತು ದಿನಗಳಲ್ಲೇ ಆಗಿತ್ತು! ಪ್ಲಂಬರ್, ಎಲೆಕ್ಟ್ರಿಷಿಯನ್ ಜೊತೆ ನೆಲಮಾಳಿಗೆಯಿಂದ ತಾರಸಿವರೆಗೆ ನಡೆದೆ. ಜನರೇಟರ್ ಎತ್ತರದಲ್ಲಿತ್ತು, ಅದರ ಸ್ವಿಚ್ ಬೋರ್ಡ್ ಮಾತ್ರ ಕೆಳಗೆ, ನೀರು ಮೊದಲು ನುಗ್ಗುವ ಮೂಲೆಯಲ್ಲೇ ಇತ್ತು. ಇದನ್ನು ತೋರಿಸಿದ್ದು ಪ್ಲಂಬರ್.

ಸಭೆಯಲ್ಲಿ ಎರಡೇ ಉದಾಹರಣೆ ಕೊಟ್ಟೆ. 1997ರ ಪ್ರವಾಹದಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಲಕ್ಷಗಟ್ಟಲೆ ಪುಸ್ತಕ ನೀರುಪಾಲಾದವು. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ಸಾವಿರಾರು ಇಲಿಗಳು ಸತ್ತು, ವರ್ಷಗಳ ಸಂಶೋಧನೆಯೇ ಹೋಯಿತು. ಆಮೇಲೆ ನಮ್ಮ ದೂರು ಪುಸ್ತಕದ ಪಟ್ಟಿ ಮುಂದಿಟ್ಟೆ. ಕೆಲಸ ಒಂದು ಗಂಟೆ ನಿಂತರೆ ಎಷ್ಟು ನಷ್ಟ, ಅದರಲ್ಲಿ ವಿಮೆ ಕೊಡುವುದೆಷ್ಟು, ಯಾರು ಹೊಣೆ. ಪ್ರತ್ಯೇಕ ‘ಹವಾಮಾನ ಯೋಜನೆ’ ಬೇಡ ಅಂದೆ. ಈಗಾಗಲೇ ಇರುವ ರಿಸ್ಕ್ ರಿಜಿಸ್ಟರ್‌ನಲ್ಲೇ, ಅಂದರೆ ಸಂಸ್ಥೆಯ ಅಪಾಯಗಳನ್ನೆಲ್ಲ ಬರೆದಿಡುವ ಪಟ್ಟಿಯಲ್ಲೇ, ಹನ್ನೊಂದು ಸಾಲು ಸೇರಿಸಿದೆವು. ಪ್ರತಿ ಸಾಲಿಗೂ ಒಬ್ಬರ ಹೆಸರು. ವಿಭಾಗದ ಹೆಸರಲ್ಲ, ವ್ಯಕ್ತಿಯ ಹೆಸರು. ಕೆಲಸ ಓಡಿದ್ದೇ ಇದರಿಂದ.

ಹಣದ್ದು ದೊಡ್ಡ ಗೋಳು. ಹಾಕಿದ ದುಡ್ಡು ಮೂರು ವರ್ಷದಲ್ಲಿ ವಾಪಸ್ ಬರಬೇಕು ಅಂತ ಹಣಕಾಸು ವಿಭಾಗದ ಪಟ್ಟು. ಸ್ವಿಚ್ ಬೋರ್ಡ್ ಮೇಲಕ್ಕೆ ಎತ್ತಿದರೆ ದುಡ್ಡು ಎಲ್ಲಿಂದ ವಾಪಸ್ ಬರುತ್ತೆ? ಅದಕ್ಕೆ ಸಂಶೋಧನೆಯ ಸ್ಯಾಂಪಲ್ ಇಡುವ ಫ್ರೀಜರ್‌ಗಳಿಂದ ಶುರು ಮಾಡಿದೆ. ಮೈನಸ್ 80 ಡಿಗ್ರಿಯ ಫ್ರೀಜರನ್ನು ಮೈನಸ್ 70ಕ್ಕೆ ಇಟ್ಟರೆ ಕರೆಂಟ್ ನೂರಕ್ಕೆ ಸುಮಾರು ಮೂವತ್ತು ಪಾಲು ಉಳಿಯುತ್ತದೆ. ಸಂಶೋಧಕರು ಒಪ್ಪಲೇ ಇಲ್ಲ. ಒಬ್ಬರು ಮಾತ್ರ ಎರಡು ಹಳೇ ಫ್ರೀಜರ್ ಕೊಟ್ಟರು. ಆರು ತಿಂಗಳ ಮೀಟರ್ ರೀಡಿಂಗ್ ತೋರಿಸಿದ ಮೇಲೆ ನಲವತ್ತರ ಹತ್ತಿರ ಫ್ರೀಜರ್‌ಗಳು ಬಂದವು. ಕರೆಂಟ್ ಬಿಲ್ಲಿನಲ್ಲಿ ಉಳಿದ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಅದರಿಂದಲೇ ಸ್ವಿಚ್ ಬೋರ್ಡ್ ಎತ್ತಿಸಿದೆ. ದುಡ್ಡು ವಾಪಸ್ ಬರುವ ಕೆಲಸವನ್ನೂ ಬಾರದ ಕೆಲಸವನ್ನೂ ಒಂದೇ ಪ್ರಸ್ತಾವನೆಯಲ್ಲಿ ಕಟ್ಟುವುದಕ್ಕೆ ಒಂದು ವರಸೆ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಮುಂದಿನ ಬಜೆಟ್ ಇನ್ನೂ ಪಾಸಾಗಬೇಕು.

ನಡುವೆ ತಾರಸಿಗೆ ಬಿಳಿ ಬಣ್ಣವನ್ನೂ ಬಳಿಸಿ ನೋಡಿದೆ. ಮೊದಲ ಬೇಸಿಗೆ ಮೇಲಿನ ಮಹಡಿ ಎರಡು ಡಿಗ್ರಿ ತಂಪಾಯಿತು. ಎರಡನೇ ಬೇಸಿಗೆಗೆ ಧೂಳು ಕೂತು ಅರ್ಧವೂ ಉಳಿಯಲಿಲ್ಲ. ತೊಳೆಯುವ ಖರ್ಚು ಮೊದಲೇ ಸೇರಿಸಿ, ಇಲ್ಲಾಂದ್ರೆ ಸುಮ್ನೆ ಕೈ ಹಾಕಬೇಡಿ.

ಸ್ಕೋಪ್ 3 ಲೆಕ್ಕ, ಅಂದರೆ ಖರೀದಿ, ವಿಮಾನ ಪ್ರಯಾಣದಂಥವುಗಳಿಂದ ಪರೋಕ್ಷವಾಗಿ ಆಗುವ ಇಂಗಾಲದ ಹೊರಸೂಸುವಿಕೆಯದು, ಇನ್ನೂ ಅರ್ಧಕ್ಕೇ ನಿಂತಿದೆ. ಈಗ ಹಿಡಿದಿರುವುದು ಪರೀಕ್ಷಾ ಕೊಠಡಿಗಳ ಸೆಕೆ. ಹನ್ನೆರಡು ಕೊಠಡಿಗಳಲ್ಲಿ ಥರ್ಮಾಮೀಟರ್ ತೂಗುಹಾಕಿದ್ದೇನೆ.