ಶಾರ್ಕ್ ಮಿದುಳಿನಲ್ಲಿ ಎನ್‌ಪಿವೈ ಗುರುತಿಸುವುದು: ನನ್ನ ಅನುಭವ

ಯುರೋಪಿನ ಕರಾವಳಿಯಲ್ಲಿ ಸಿಗುವ ಸಣ್ಣ ಚುಕ್ಕೆ ಶಾರ್ಕ್ ಸ್ಕಿಲಿಯೋರೈನಸ್ ಕ್ಯಾನಿಕುಲ. ಅದರ ಮಿದುಳಿನಲ್ಲಿ ನರಕೋಶಗಳು ಸಂದೇಶಕ್ಕೆ ಬಳಸುವ ನ್ಯೂರೋಪೆಪ್ಟೈಡ್ ವೈ, ಅಂದರೆ ಎನ್‌ಪಿವೈ, ಎಲ್ಲೆಲ್ಲಿದೆ ಎಂದು ನೋಡಲು ಇಲಿಯ ಪ್ರೋಟೋಕಾಲ್ ಹಾಗೇ ಎತ್ತಿಕೊಂಡರೆ ಕೆಲಸ ಕೆಡುತ್ತದೆ. ಶಾರ್ಕಿನ ರಕ್ತದಲ್ಲಿ ಯೂರಿಯಾ ಹೇರಳ. ಕರಗಿದ ಕಣಗಳ ಒಟ್ಟು ಸಾಂದ್ರತೆ ಸಮುದ್ರದ ನೀರಿನಷ್ಟೇ, ಸುಮಾರು 1000 ಮಿಲಿಆಸ್ಮೋಲ್. ಸುಮಾರು 300ರ ಮಾಮೂಲಿ ಸಲೈನ್ ಹರಿಸಿದರೆ ಜೀವಕೋಶಗಳು ನೀರು ಎಳೆದುಕೊಂಡು ಊದುತ್ತವೆ.

ಆದ್ದರಿಂದ ನಾನು ಲೀಟರಿಗೆ 16 ಗ್ರಾಂ ಉಪ್ಪು, 21 ಗ್ರಾಂ ಯೂರಿಯಾ, ರಕ್ತ ಹೆಪ್ಪುಗಟ್ಟದಂತೆ ಸ್ವಲ್ಪ ಹೆಪಾರಿನ್ ಹಾಕಿದ ದ್ರಾವಣದಿಂದ ಮೊದಲು ರಕ್ತ ತೊಳೆಯುತ್ತೇನೆ. ಆಮೇಲೆ ಅಂಗಾಂಶವನ್ನು ಇದ್ದ ಹಾಗೇ ಸ್ಥಿರಗೊಳಿಸಲು 0.1 ಮೋಲಾರ್ ಫಾಸ್ಫೇಟ್ ಬಫರಿನಲ್ಲಿ 4% ಪ್ಯಾರಾಫಾರ್ಮಾಲ್ಡಿಹೈಡ್, 1.75% ಯೂರಿಯಾ, ಪಿಎಚ್ 7.4. ಫಾರ್ಮಾಲ್ಡಿಹೈಡನ್ನು ಯೂರಿಯಾ ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಯೂರಿಯಾವನ್ನು ದ್ರಾವಣ ಪೂರ್ತಿ ತಣ್ಣಗಾದ ಮೇಲೆ, ಬಳಸುವ ಹೊತ್ತಿಗೆ ಮಾತ್ರ ಬೆರೆಸಬೇಕು.

ಎಂಎಸ್-222ರಲ್ಲಿ ಪ್ರಾಣಿಗೆ ಪೂರ್ತಿ ಅರಿವಳಿಕೆಯಾದ ಮೇಲೆ ಸೂಜಿಯನ್ನು ಹೃದಯದಿಂದ ರಕ್ತ ಹೊರಹೋಗುವ ಕೋನಸ್ ಭಾಗಕ್ಕೆ ಹಾಕುತ್ತೇನೆ. ದ್ರವ ಮೊದಲು ಕಿವಿರು ದಾಟಿಯೇ ಮಿದುಳು ಸೇರಬೇಕು. ಜೋರಾಗಿ ತಳ್ಳಿದರೆ ಕಿವಿರಿನ ಲೋಮನಾಳಗಳು ಒಡೆದು ಮಿದುಳಿಗೆ ಏನೂ ತಲುಪುವುದಿಲ್ಲ. ಕಿವಿರು ಬೆಳ್ಳಗಾದರೆ ಸಾಲದು, ಮಿದುಳಿನ ಮೇಲಿನ ರಕ್ತನಾಳ ನೋಡಿ. ಆ್ಯಂಟಿಬಾಡಿ ಅಂಟಿದ ಜಾಗವನ್ನು ಕಂದಾಗಿಸಲು ಕೊನೆಯಲ್ಲಿ ಬಳಸುವ ಡಿಎಬಿ ರಾಸಾಯನಿಕದಲ್ಲಿ ಉಳಿದ ಕೆಂಪುಕಣಗಳು ತಾವೇ ಕಂದು ಬಣ್ಣಕ್ಕೆ ತಿರುಗುತ್ತವೆ.

ಬುರುಡೆ ಮೃದ್ವಸ್ಥಿಯದು, ಮೇಲಿನಿಂದ ಸ್ಕಾಲ್ಪೆಲ್‌ನಲ್ಲಿ ತೆಳುವಾಗಿ ಹೆರೆದರೆ ಸಾಕು. ನಿಜವಾದ ಅಪಾಯ ಕೆಳಗಿದೆ. ಪಿಟ್ಯುಟರಿಯ ಕೆಳಹಾಲೆ ಬುರುಡೆಯ ತಳದಲ್ಲೇ ಹುದುಗಿರುತ್ತದೆ. ಮಿದುಳನ್ನು ಮೇಲೆತ್ತಿದರೆ ಅದು ಕಿತ್ತುಹೋಗುವುದಲ್ಲದೆ ಹೈಪೋಥಲಮಸ್ಸಿನ ಕೆಳಭಾಗವೂ ಹರಿಯುತ್ತದೆ. ನಮಗೆ ಬೇಕಾದ ಎನ್‌ಪಿವೈ ನರಕೋಶಗಳಿರುವ ಜಾಗಗಳಲ್ಲಿ ಅದೂ ಒಂದು! ತಳದ ಮೃದ್ವಸ್ಥಿಯನ್ನೂ ಸೇರಿಸಿ ಕತ್ತರಿಸಿ ತೆಗೆದು, ಸ್ಥಿರೀಕರಣವಾದ ಮೇಲೆ ಬಿಡಿಸಿ.

30% ಸಕ್ಕರೆ ದ್ರಾವಣದಲ್ಲಿ ಮುಳುಗುವವರೆಗೆ ಇಟ್ಟು, ಕ್ರಯೋಸ್ಟಾಟ್‌ನಲ್ಲಿ 20 ಮೈಕ್ರಾನ್ ಸೀಳುಗಳು. ನಾಲ್ಕು ಸರಣಿ ಮಾಡುತ್ತೇನೆ: ಆ್ಯಂಟಿಬಾಡಿಗೆ, ಕೋಶಗಳನ್ನು ತೋರಿಸುವ ಕ್ರೆಸಿಲ್ ವಯಲೆಟ್ ಬಣ್ಣಕ್ಕೆ, ಇನ್ನೆರಡು ಪರೀಕ್ಷೆಗೆ. 0.3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅರ್ಧ ಗಂಟೆ. ನಂತರ ಎನ್‌ಪಿವೈಗೆ ಅಂಟುವ ಮೊಲದ ಆ್ಯಂಟಿಬಾಡಿ, 1:1000ದಿಂದ 1:5000ದವರೆಗೆ ತೆಳುಮಾಡಿ ನೋಡಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ.

ಕಂದು ಚುಕ್ಕೆ ಕಂಡ ಕೂಡಲೇ ನಕ್ಷೆಗೆ ಏರಿಸಬಾರದು. ಎನ್‌ಪಿವೈ, ಅದರ ಸಂಬಂಧಿ ಪೆಪ್ಟೈಡ್ ಪಿವೈವೈ ಎರಡೂ 36 ಅಮೈನೋ ಆಮ್ಲದವು, ಸರಪಳಿಯ ಕೊನೆ, ಅಂದರೆ ಬಾಲ, ಹೆಚ್ಚುಕಡಿಮೆ ಒಂದೇ. ಬಾಲಕ್ಕೆ ಅಂಟುವ ಆ್ಯಂಟಿಬಾಡಿಗೆ ಇವುಗಳ ವ್ಯತ್ಯಾಸ ತಿಳಿಯದು. ಆ್ಯಂಟಿಬಾಡಿಯನ್ನು ಮೊದಲೇ 10 ಮೈಕ್ರೋಮೋಲಾರ್ ಎನ್‌ಪಿವೈ ಜೊತೆ ಒಂದು ಸರಣಿಗೆ, ಪಿವೈವೈ ಜೊತೆ ಇನ್ನೊಂದಕ್ಕೆ ಬೆರೆಸಿಡಿ. ಮೊದಲನೆಯದು ಬಣ್ಣ ಅಳಿಸಬೇಕು, ಎರಡನೆಯದು ಅಳಿಸಬಾರದು. ಎರಡೂ ಅಳಿಸಿದರೆ ‘ಎನ್‌ಪಿವೈ ತರಹದ್ದು’ ಎಂದಷ್ಟೇ ಬರೆಯುತ್ತೇನೆ. ಕೋಶಕಾಯಗಳನ್ನು ಶಾರ್ಕಿನದೇ ಜೀನ್ ಅನುಕ್ರಮದ ಆರ್‌ಎನ್‌ಎ ಪ್ರೋಬ್, ಅಂದರೆ ಎನ್‌ಪಿವೈ ಎಂಆರ್‌ಎನ್‌ಎಗೆ ಅಂಟುವ ತುಣುಕು, ಒಪ್ಪಿದಲ್ಲಿ ಮಾತ್ರ ಗುರುತಿಸುತ್ತೇನೆ. ನರತಂತುಗಳಿಗೆ ಆ್ಯಂಟಿಬಾಡಿಯೇ ಆಧಾರ, ಏಕೆಂದರೆ ಎಂಆರ್‌ಎನ್‌ಎ ಬಹುತೇಕ ಕೋಶಕಾಯದಲ್ಲೇ ಉಳಿಯುತ್ತದೆ.