ನೌಕರಿ ಬಿಡದೆ ನೆಟ್‌ವರ್ಕ್ ಮಾರ್ಕೆಟಿಂಗ್: ಕ್ಲೋಸಿಂಗ್ ವಾರ ದಾಟುವುದು ಹೇಗೆ?

ನೌಕರಿ ಉಳಿಸಿಕೊಂಡು ಸಂಜೆ ಹೊತ್ತಿನಲ್ಲಿ ನೆಟ್‌ವರ್ಕ್ ಮಾರ್ಕೆಟಿಂಗ್ (ಕಂಪನಿಯ ಮಾಲನ್ನು ತಾವೇ ಮಾರುತ್ತ, ಬೇರೆಯವರನ್ನೂ ಸೇರಿಸಿ ಅವರ ಮಾರಾಟದ ಮೇಲೂ ಕಮಿಷನ್ ಪಡೆಯುವ ವ್ಯಾಪಾರ) ಮಾಡಲು ಹೊರಟವರು ಶುರುವಿನಲ್ಲಿ ಎಡವುವುದು ಕಡಿಮೆ. ಮೊದಲ ಕೆಲವು ವಾರ ಉತ್ಸಾಹವೇ ನಡೆಸಿಕೊಂಡು ಹೋಗುತ್ತದೆ. ನಾನು ನೋಡಿದ ಮಟ್ಟಿಗೆ ಅವರು ಕೈ ಸುಟ್ಟುಕೊಳ್ಳುವುದು ತಿಂಗಳ ಕೊನೆಯಲ್ಲಿ, ಆ ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್ ದಿನ ಹತ್ತಿರ ಬಂದಾಗ. ಅದಕ್ಕೇ ಇಲ್ಲಿ ಆ ವಾರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸೇರುವ ಮುನ್ನ

ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂದು ಮೊದಲು ನೋಡಿ. ಹೊಸಬರನ್ನು ಸೇರಿಸಿದ್ದಕ್ಕೇ ಹಣ ಕೊಡುತ್ತೇವೆ ಎಂದರೆ ಅದು ಪಿರಮಿಡ್ ಯೋಜನೆ, ಅಲ್ಲಿಂದಲೇ ಎದ್ದು ಬನ್ನಿ. ಒಬ್ಬರು 6 ಮಂದಿಯನ್ನು, ಆ ಆರು ಮಂದಿ ತಲಾ 6 ಮಂದಿಯನ್ನು ಸೇರಿಸುತ್ತ ಹೋದರೆ 13ನೇ ಹಂತಕ್ಕೆ 1,300 ಕೋಟಿಗೂ ಹೆಚ್ಚು ಜನ ಬೇಕು. ಭೂಮಿಯ ಮೇಲೆ ಅಷ್ಟು ಜನರೇ ಇಲ್ಲ.

ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) 1979ರಲ್ಲಿ ಆಮ್‌ವೇ ಕಂಪನಿಯದು ಪಿರಮಿಡ್ ಯೋಜನೆಯಲ್ಲ ಎಂದು ಹೇಳಿತು. ಆ ತೀರ್ಮಾನಕ್ಕೆ ಆಧಾರವಾದ ನಿಯಮಗಳನ್ನು ಗಮನಿಸಿ: ಉಳಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದು, ಕೊಂಡದ್ದರಲ್ಲಿ ಶೇ 70 ಭಾಗ ಮಾರಾಟವಾದ ಮೇಲೇ ಮತ್ತೆ ಕೊಳ್ಳುವುದು, ತಿಂಗಳಿಗೆ 10 ಗ್ರಾಹಕರಿಗೆ ಮಾರಿದ್ದನ್ನು ತೋರಿಸುವುದು. ಆದಾಯವನ್ನು ಉಬ್ಬಿಸಿ ಹೇಳಿದ್ದಕ್ಕೆ ಅದೇ ಆದೇಶದಲ್ಲಿ ಕಂಪನಿಗೆ ಕಡಿವಾಣವೂ ಬಿತ್ತು. ನಿಮ್ಮ ಕಂಪನಿ ಕೇಳಲಿ ಬಿಡಲಿ, ಶೇ 70ರ ನಿಯಮವನ್ನು ನೀವಾಗಿಯೇ ಹಾಕಿಕೊಳ್ಳಿ.

ವಾಪಸಾತಿಯ ಷರತ್ತನ್ನು ಬಾಯಿಮಾತಿನಲ್ಲಿ ನಂಬಬೇಡಿ. ಎಷ್ಟು ದಿನದೊಳಗೆ, ಸೀಲ್ ಒಡೆದ ಪ್ಯಾಕ್ ನಡೆಯುತ್ತದೆಯೇ, ಸಾಗಣೆ ಖರ್ಚು ಯಾರದು, ಎಷ್ಟು ಕಡಿತ? ನಾಲ್ಕಕ್ಕೂ ಉತ್ತರ ಲಿಖಿತವಾಗಿ ಸಿಗಬೇಕು. ರೋಗ ವಾಸಿ ಮಾಡುತ್ತದೆ ಎಂದು ಮಾರುವ ಪುಡಿ, ಮಾತ್ರೆಗಳನ್ನು ಮುಟ್ಟಲೇಬೇಡಿ. ನಿಮ್ಮ ಮಾತು ನಂಬಿ ಯಾರಾದರೂ ವೈದ್ಯರು ಕೊಟ್ಟ ಔಷಧಿ ನಿಲ್ಲಿಸಿದರೆ ಆ ಹಾನಿಯನ್ನು ಯಾವ ಕಮಿಷನ್ನೂ ತುಂಬಿಕೊಡುವುದಿಲ್ಲ.

ಸಮಯ ಮತ್ತು ಹಣ

ವಾರಕ್ಕೆ ಎರಡು ಸಂಜೆ, ರಜೆಯಲ್ಲಿ ಅರ್ಧ ದಿನ. ಪ್ರತ್ಯೇಕ ಬ್ಯಾಂಕ್ ಖಾತೆ. ಸಾಲ ಮಾಡಿ ಮಾಲು ತರುವಂತಿಲ್ಲ.

ಮೊದಲ ಗ್ರಾಹಕರು

ನೀವು ಬಳಸಿ ಮೆಚ್ಚಿದ ಎರಡು ಮೂರು ವಸ್ತುಗಳನ್ನಷ್ಟೇ ಹಿಡಿಯಿರಿ. ಪರಿಚಿತರ ಹತ್ತಿರ ಮಾತು ತೆಗೆಯುವಾಗ ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡಿ: "ನಾನು ಈ ಕಂಪನಿಯ ಮಾಲು ಮಾರುತ್ತಿದ್ದೇನೆ, ನಿಮಗೆ ಬೇಕಾಗಬಹುದು ಅನ್ನಿಸಿತು. ಬೇಡ ಅಂದರೂ ಬೇಸರ ಇಲ್ಲ." "ಸುಮ್ಮನೆ ಭೇಟಿಯಾಗೋಣ" ಎಂದು ಕರೆದು ಲ್ಯಾಪ್‌ಟಾಪ್ ತೆರೆದು ಪ್ಲಾನ್ ತೋರಿಸುವುದನ್ನು ಕೆಲವು ಅಪ್‌ಲೈನ್‌ಗಳು (ನಿಮ್ಮನ್ನು ಸೇರಿಸಿದ ಮೇಲಿನವರು) ಹೇಳಿಕೊಡುತ್ತಾರೆ. ಹಾಗೆ ಮೋಸಹೋದ ಗೆಳೆಯ ಮುಂದೆ ನಿಮ್ಮ ಫೋನ್ ಎತ್ತುವುದಿಲ್ಲ. ದುಡ್ಡಿಗೆ ಸಿಗುವ ಫೋನ್ ನಂಬರ್‌ಗಳ ಪಟ್ಟಿ, ಒಂದೇ ಮೆಸೇಜನ್ನು ಸಾವಿರ ಜನರಿಗೆ ಕಳಿಸುವ ಆ್ಯಪ್, ಪ್ರೇರಣಾ ಭಾಷಣಗಳ ದುಬಾರಿ ಕಿಟ್, ಇವೆಲ್ಲ ಶುದ್ಧ ದಂಡ.

ಫಾಲೋಅಪ್‌ಗೆ ನೋಟ್‌ಬುಕ್ಕೇ ಸಾಕು. ಹೆಸರು, ಕೊಂಡ ವಸ್ತು, ಅದು ಮುಗಿಯುವ ಅಂದಾಜು ದಿನ. ಆ ದಿನಕ್ಕೆ ಐದು ದಿನ ಮುಂಚೆ ಒಂದು ಕರೆ. ನಡುವೆ ಕಾಡಬೇಡಿ. ಕೇಳದೆಯೇ ಎರಡನೇ ಸಲ ಕೊಂಡವರ ಹೆಸರಿಗೆ ಗುರುತು ಹಾಕಿ. ನಿಮ್ಮ ವ್ಯಾಪಾರ ಎಂದರೆ ಆ ಗುರುತಿನ ಹೆಸರುಗಳೇ.

ಕ್ಲೋಸಿಂಗ್ ವಾರ

ಈಗ ಕಷ್ಟದ ಜಾಗಕ್ಕೆ ಬರೋಣ. ಪ್ರತಿ ವಸ್ತುವಿಗೂ ಪಾಯಿಂಟ್ ಇರುತ್ತದೆ, ಪಿವಿ ಅನ್ನುತ್ತಾರೆ. ತಿಂಗಳಿಗೆ ಇಷ್ಟು ಪಿವಿ ಆದರೆ ಐಡಿ ಆಕ್ಟಿವ್ (ಅಂದರೆ ಕಮಿಷನ್‌ಗೆ ಅರ್ಹ), ಇಷ್ಟಾದರೆ ಹೆಚ್ಚು ಕಮಿಷನ್ ಸಿಗುವ ಮುಂದಿನ ಲೆವೆಲ್. 28ನೇ ತಾರೀಖು ರಾತ್ರಿ ಅಪ್‌ಲೈನ್ ಫೋನ್ ಮಾಡುತ್ತಾರೆ: "ಇನ್ನು 40 ಪಿವಿ ಅಷ್ಟೇ, ಇಷ್ಟು ಹತ್ತಿರ ಬಂದು ಬಿಡಬೇಡಿ." ಆ ಮಾತಿಗೆ ಸೋತು ಹೊಸಬರು ಬೇಡದ ಆರು ಡಬ್ಬಿ ಕೊಳ್ಳುತ್ತಾರೆ. ಮುಂದಿನ ತಿಂಗಳು ಆ ಡಬ್ಬಿಗಳನ್ನೇ ಗ್ರಾಹಕರಿಗೆ ಕೊಟ್ಟರೆ ಹೊಸ ಪಿವಿ ಬರುವುದಿಲ್ಲ, ಆದ್ದರಿಂದ ಕೊರತೆ ಇನ್ನೂ ದೊಡ್ಡದಾಗುತ್ತದೆ. ಮತ್ತೆ ಖರೀದಿ. ಹೀಗೆ ಕಪಾಟು ತುಂಬುತ್ತದೆ, ಸಂಬಳ ಕರಗುತ್ತದೆ, ಹೊರಗಿನವರಿಗೆ ಮಾತ್ರ ವ್ಯಾಪಾರ ಏರುತ್ತಿರುವಂತೆ ಕಾಣುತ್ತದೆ.

ಅಂಥ ಕರೆ ಬಂದಾಗ "ನಾಳೆ ಹೇಳುತ್ತೇನೆ" ಎಂದಷ್ಟೇ ಹೇಳಿ ಫೋನ್ ಇಡಿ. ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ತೆಗೆದು ಮೂರು ಸಾಲು ಬರೆಯಿರಿ. ಕೊರತೆ ತುಂಬಲು ಕೊಡಬೇಕಾದ ಹಣ. ಅದರಿಂದ ಹೆಚ್ಚುವರಿಯಾಗಿ ಬರುವ ಕಮಿಷನ್. ಆ ಮಾಲಿನಲ್ಲಿ ಈಗಾಗಲೇ ಬೇಕು ಎಂದಿರುವ ಗ್ರಾಹಕರ ಹೆಸರು. ಉದಾಹರಣೆಗೆ, 3,000 ಕೊಟ್ಟರೆ 900 ಹೆಚ್ಚು ಬರುತ್ತದೆ, ಹೆಸರು ಒಂದೂ ಇಲ್ಲ ಎಂದಿಟ್ಟುಕೊಳ್ಳಿ. ಆಗ 2,100 ನಿಮ್ಮ ಜೇಬಿನಿಂದ ಹೋಗಿ ಡಬ್ಬಿಗಳಲ್ಲಿ ಕೂರುತ್ತದೆ. ಮೂರನೇ ಸಾಲಿನಲ್ಲಿ ಹೆಸರಿದ್ದರೆ ಆ ಹೆಸರಿನವರಿಗೆ ಬೇಕಾದಷ್ಟೇ ತರಿಸಿ. ಹೆಸರಿಲ್ಲದಿದ್ದರೆ ಲೆವೆಲ್ ಹೋಗಲಿ ಬಿಡಿ. ಇದರಲ್ಲಿ ರಾಜಿ ಬೇಡ.

ಪ್ರತಿ ತಿಂಗಳೂ ತಾನಾಗಿಯೇ ಆರ್ಡರ್ ಹೋಗುವ ಆಟೊಶಿಪ್ ಸೌಲಭ್ಯವನ್ನೂ ಇದೇ ಕಾರಣಕ್ಕೆ ಮೊದಲ ದಿನವೇ ಆಫ್ ಮಾಡಿ. "ನಾವೇ ಬಳಸಿದರೂ ವ್ಯಾಪಾರವೇ" ಎಂಬ ವಾದ ಬರುತ್ತದೆ. ಅದಕ್ಕೆ ಉತ್ತರ ಇಲ್ಲಿದೆ: 2016ರಲ್ಲಿ ಹರ್ಬಲೈಫ್ ಎಂಬ ಇನ್ನೊಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿ ಜತೆ ಎಫ್‌ಟಿಸಿ ಮಾಡಿಕೊಂಡ ಒಪ್ಪಂದದಲ್ಲಿ ಕಂಪನಿ 20 ಕೋಟಿ ಡಾಲರ್ ಕೊಡಬೇಕಾಯಿತು. ಜತೆಗೆ, ವಿತರಕರಿಗೆ ಕೊಡುವ ಪ್ರತಿಫಲದಲ್ಲಿ ಕನಿಷ್ಠ ಮೂರನೇ ಎರಡು ಭಾಗ ಖಾತ್ರಿಯಾದ ಚಿಲ್ಲರೆ ಮಾರಾಟದಿಂದಲೇ ಬರಬೇಕೆಂಬ ಷರತ್ತೂ ಬಿತ್ತು. ಹೊರಗಿನ ಗ್ರಾಹಕ ಇಲ್ಲದಿದ್ದರೆ ಅದು ವ್ಯಾಪಾರವಲ್ಲ, ಖರ್ಚು.

ತಂಡ

ಎರಡನೇ ಸಲ ಕೊಂಡ ಗ್ರಾಹಕರು ಕೈತುಂಬ ಇರುವ ತನಕ ಯಾರನ್ನೂ ಸೇರಿಸಬೇಡಿ. ಆಮೇಲೂ ಒಬ್ಬೊಬ್ಬರನ್ನೇ ಸೇರಿಸಿ. ಅವರಿಗೆ ನಿಮ್ಮ ಆದಾಯದ ಸ್ಕ್ರೀನ್‌ಶಾಟ್ ತೋರಿಸುವ ಬದಲು ಖರ್ಚು ಕಳೆದ ಲೆಕ್ಕದ ಹಾಳೆ ತೋರಿಸಿ: ಓಡಾಟ, ಫೋನ್, ಸೆಮಿನಾರ್ ಶುಲ್ಕ, ಉಳಿದ ಮಾಲು ಎಲ್ಲ ಅದರಲ್ಲಿರಲಿ. ಅವರಿಗೂ ಎರಡನೇ ಸಲ ಕೊಳ್ಳುವ ಒಬ್ಬ ಗ್ರಾಹಕ ಸಿಕ್ಕ ಮೇಲೆ ಮುಂದಿನವರ ಬಗ್ಗೆ ಯೋಚಿಸಿ. ಇದು ನಿಧಾನ ಎಂದು ಅಪ್‌ಲೈನ್ ಗೊಣಗಬಹುದು. ಆದರೆ ನಿಮ್ಮ ಮಾತು ನಂಬಿ ಬಂದವರ ದುಡ್ಡಿಗೆ ನೀವೂ ಹೊಣೆ. ಅವರ ಮನೆಯಲ್ಲಿ ಡಬ್ಬಿ ಪೇರಿಸಿ ಬಂದ ಕಮಿಷನ್ ನಿಮಗೆ ಬೇಡ.

ನಿಲ್ಲಿಸುವ ದಿನ

ಇದನ್ನು ಶುರುವಿನಲ್ಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಸತತ ಆರು ತಿಂಗಳು ಖರ್ಚು ಕಳೆದು ಏನೂ ಉಳಿಯದಿದ್ದರೆ ಹೊಸ ಆರ್ಡರ್ ನಿಲ್ಲಿಸಿ. ವಾಪಸಾತಿಯ ಗಡುವು ಪ್ರತಿ ಬಿಲ್ಲಿಗೂ ಬೇರೆ ಬೇರೆ ಇರುವುದರಿಂದ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಗಡುವು ಹತ್ತಿರವಿರುವ ಮಾಲನ್ನು ಮೊದಲು ಕಳಿಸಿ. ಪ್ಯಾಕ್ ಮಾಡುವಾಗ ಸೀಲ್ ಮತ್ತು ಬ್ಯಾಚ್ ನಂಬರ್ ಕಾಣುವಂತೆ ಫೋಟೊ ತೆಗೆದುಕೊಳ್ಳಿ, ಕೊರಿಯರ್ ರಸೀದಿಯನ್ನು ಹಣ ಖಾತೆಗೆ ಬರುವ ತನಕ ಎಸೆಯಬೇಡಿ.